ತೋಟದ ಜಿಪ್ಸಿಗೆ ತುಕ್ಕು: ರಿಪೇರಿಯೋ, ಮಾರಾಟವೋ

ಹಳೇ ಮಾರುತಿ ಜಿಪ್ಸಿ ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸಿ ಎಂಜಿನ್ ಸ್ಟಾರ್ಟ್ ಮಾಡಿಸುತ್ತಾರೆ. ಅದು ಕೊನೆಗೆ ನೋಡಬೇಕಾದದ್ದು. 1298 ಸಿಸಿ ಎಂಜಿನ್ ಕೆಟ್ಟರೆ ಇಳಿಸಿ ಕಟ್ಟಬಹುದು; ಗೇರ್‌ಬಾಕ್ಸ್, ನಾಲ್ಕೂ ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಬೇರೆ ಗಾಡಿಯಿಂದ ತಂದು ಕೂರಿಸಬಹುದು. ಚಾಸಿಗೆ, ಅಂದರೆ ಇಡೀ ಗಾಡಿಯನ್ನು ಹೊತ್ತ ಉಕ್ಕಿನ ಚೌಕಟ್ಟಿಗೆ, ಆ ಸೌಕರ್ಯ ಇಲ್ಲ. ಗಾಡಿಯ ಗುರುತಿನ ನಂಬರ್ ಕೊರೆದಿರುವುದೇ ಆ ಉಕ್ಕಿನ ಮೇಲೆ. ಚಾಸಿ ಬದಲಿಸುವುದೆಂದರೆ ಆರ್‌ಟಿಓ ಅನುಮತಿ, ಆರ್‌ಸಿ ತಿದ್ದುಪಡಿ, ಓಡಾಟ. ಹಾಗಾಗಿ ರಿಪೇರಿಯೋ ಮಾರಾಟವೋ ಎಂಬುದು ಇತ್ಯರ್ಥವಾಗುವುದು ಗಾಡಿಯ ಕೆಳಗೆ ಮಲಗಿದಾಗ.

ಕೊಪ್ಪದ ಕಡೆಯ ಅಡಿಕೆ-ಕಾಫಿ ತೋಟವೊಂದರ 2006ರ ಎಂಪಿಎಫ್‌ಐ ಜಿಪ್ಸಿ ನಮ್ಮ ವರ್ಕ್‌ಶಾಪಿನ ಪಿಟ್ ಮೇಲೆ ಬಂದದ್ದು ಇದೇ ಪ್ರಶ್ನೆ ಹೊತ್ತು. ಹೊರಗಿನಿಂದ ನೋಡಿದರೆ ಗಾಡಿ ಪರವಾಗಿಲ್ಲ. ಕೆಳಗೆ ಮಾತ್ರ ಪೂರ್ತಿ ಕಪ್ಪು ಟಾರ್ ಕೋಟಿಂಗ್. ಆ ಹೊಳಪು ಕಂಡರೆ ಖುಷಿಪಡುವ ಬದಲು ಅನುಮಾನಪಡಬೇಕು. ತುಕ್ಕಿನ ಮೇಲೆ ಬಳಿದ ಟಾರ್ ಒಂದು ಕಡೆ ಬಿರುಕು ಬಿಟ್ಟರೂ ಸಾಕು, ಒಳಗೆ ಹೋದ ನೀರು ಅಲ್ಲೇ ಉಳಿಯುತ್ತದೆ. ಮೇಲೆ ಚರ್ಮ ಗಟ್ಟಿ, ಒಳಗೆ ತಗಡು ಪುಡಿ.

ಬೆಳಗಿನ ಅರ್ಧ ಹೊತ್ತು ಬರೀ ತೊಳೆಯುವುದಕ್ಕೇ ಹೋಯಿತು. ಜಿಪ್ಸಿಯ ಚಾಸಿ ರೈಲು, ಅಂದರೆ ಎರಡೂ ಬದಿಯ ಉದ್ದ ತೊಲೆ, ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ್ದು. ಪಕ್ಕದ ತೂತುಗಳಿಂದ ಒಳಗೆ ಹೋದ ಕೆಸರು ನೀರು ಇಳಿಯುವ ತೂತುಗಳನ್ನು ಮುಚ್ಚಿಬಿಡುತ್ತದೆ. ಮಳೆಗಾಲ ಕಳೆದು ತಿಂಗಳಾದರೂ ಒಳಗಿನ ಮಣ್ಣು ಹಸಿ ಇರುತ್ತದೆ, ರೈಲು ಒಳಗಿನಿಂದ ಹೊರಕ್ಕೆ ತಿನ್ನಿಸಿಕೊಳ್ಳುತ್ತದೆ. ಮುಂದಿನಿಂದ ಪೈಪ್ ತೂರಿಸಿ ನೀರು ಬಿಟ್ಟು, ಹಿಂದೆ ತಿಳಿನೀರು ಬರುವವರೆಗೆ ಬಿಡಬೇಕು. ಕೆಮ್ಮಣ್ಣಿನ ಜೊತೆ ಕಂದು ಚಕ್ಕೆಗಳೂ ಬಂದರೆ ಒಳಗೆ ಪದರ ಏಳುತ್ತಿದೆ ಎಂದು ಅರ್ಥ. ಇಲ್ಲಿ ಬಂದವು, ಅದರಲ್ಲೂ ಎಡಗಡೆಯ ರೈಲಿನಿಂದ ಹೆಚ್ಚು.

ಎಡ ಹಿಂಭಾಗಕ್ಕೇ ಯಾಕೆ ಹೆಚ್ಚು ಎಂಬುದಕ್ಕೆ ಉತ್ತರ ಮಳೆಯಲ್ಲಿ ಇರಲಿಲ್ಲ, ಗಾಡಿ ಹೊತ್ತ ಸಾಮಾನಿನಲ್ಲಿ ಇತ್ತು. ಹಿಂದೆ ಗೊಬ್ಬರದ ಮೂಟೆ ಹೇರಿದಾಗ ಉದುರುವ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಕರಾವಳಿಯ ಉಪ್ಪುಗಾಳಿ ಉಕ್ಕಿಗೆ ಏನು ಮಾಡುತ್ತದೋ ಇದೂ ಅದನ್ನೇ, ಇನ್ನೂ ಹತ್ತಿರದಿಂದ ಮಾಡುತ್ತದೆ. ಇನ್ನೊಂದು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಅದಕ್ಕೆ ಸುಣ್ಣ ಸರಿಯಾಗಿ ಬೆರೆತ ಸಿಂಪಡಣೆಯ ಬೋರ್ಡೋ ದ್ರಾವಣ ಅಷ್ಟು ಕೇಡು ಮಾಡದು. ಬೆರೆಸುವ ಮೊದಲು ಡ್ರಮ್ಮಿನಿಂದ ತುಳುಕುವ ನೀಲಿ ನೀರು ಮಾಡುತ್ತದೆ. ಬೋರ್ಡೋ ಹದ ನೋಡಲು ಕುಡುಗೋಲು ಅದ್ದಿ, ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕುವುದು ಎಲ್ಲ ತೋಟದವರಿಗೂ ಗೊತ್ತು. ಅಲ್ಲಿ ತಾಮ್ರ ಕೂತು ಕಬ್ಬಿಣ ಕರಗುತ್ತದೆ. ಚಾಸಿಯೂ ಕಬ್ಬಿಣವೇ ಎಂಬುದು ಗಾಡಿಗೆ ಡ್ರಮ್ಮು ಹೇರುವಾಗ ಯಾರಿಗೂ ನೆನಪಾಗುವುದಿಲ್ಲ.

ಒಣಗಿದ ಮೇಲೆ ಸಣ್ಣ ಸುತ್ತಿಗೆ, ಗಟ್ಟಿ ಸ್ಕ್ರೂಡ್ರೈವರ್, ವೈರ್ ಬ್ರಷ್. ಟಾರ್ ಕೆರೆಯದೆ ತಟ್ಟಿದರೆ ಎಲ್ಲವೂ ಒಂದೇ ದನಿ. ಕೆರೆದು ತಟ್ಟಿದಾಗ ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ತೆಳುವಾದದ್ದು ದೊಬ್ ಎನ್ನುತ್ತದೆ. ದೊಬ್ ಎಂದ ಕಡೆ ಸ್ಕ್ರೂಡ್ರೈವರ್ ಮೊನೆ ಇಟ್ಟು ಒತ್ತಬೇಕು. ಮಾಲೀಕ ಎದುರಿಗಿದ್ದಾನೆಂದು ಕೈ ಹಗುರ ಮಾಡಬಾರದು. ಮುಂದೆ ಸ್ಟಿಯರಿಂಗ್ ಬಾಕ್ಸ್ ಕೂತ ಜಾಗ, ಮುಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಹಿಡಿಯುವ ಹ್ಯಾಂಗರ್‌ಗಳು, ಬಲ ರೈಲು, ಎಲ್ಲ ಠಣ್. ಎಡಗಡೆ ಹಿಂದಿನ ಷಾಕಲ್ ಹ್ಯಾಂಗರ್ ಪಕ್ಕ ರೈಲಿನ ತಳಕ್ಕೆ ಮೊನೆ ನೇರ ಒಳಹೋಯಿತು. ಅಂಗೈ ಅಗಲ ಪುಡಿ. ಪಕ್ಕದ ಗೋಡೆಗಳು ಅಂಚಿನಲ್ಲಿ ಮಾತ್ರ ತೆಳುವಾಗಿದ್ದವು, ಮೇಲ್ಮುಖ ಗಟ್ಟಿ.

ತೀರ್ಮಾನ ನಿಂತಿದ್ದು ಇಲ್ಲೇ. ಪೆಟ್ಟಿಗೆಯ ಒಂದು ಮುಖ ಹೋಗಿದ್ದರೆ ಕತ್ತರಿಸಿ ಪ್ಲೇಟ್ ಹಾಕಬಹುದು. ಒಂದೇ ಜಾಗದಲ್ಲಿ ಎರಡು ಮುಖ ಹೋಗಿದ್ದರೆ ಆ ತುಂಡನ್ನೇ ಬದಲಿಸಬೇಕು. ಅದಕ್ಕೆ ಅಳತೆ ಹಿಡಿಯುವ ಜಿಗ್ ಬೇಕು, ಎಲ್ಲ ವರ್ಕ್‌ಶಾಪಿನ ಕೆಲಸವಲ್ಲ. ಹಾಗೆ ಎರಡು ಮೂರು ಕಡೆ ಇದ್ದರೆ ರಿಪೇರಿಯ ಮಾತು ಬಿಡುವುದೇ ಲೇಸು.

ಬಾಡಿಯ ತುಕ್ಕು ಕಣ್ಣಿಗೆ ಹೆಚ್ಚು ಭಯಂಕರ, ಲೆಕ್ಕದಲ್ಲಿ ಕಡಿಮೆ. ಡ್ರೈವರ್ ಕಾಲ ಬಳಿ ಮ್ಯಾಟಿನ ಕೆಳಗೆ ಹಿಂದೆ ಯಾರೋ ಅಲ್ಯೂಮಿನಿಯಂ ಹಾಳೆ ರಿವೆಟ್ ಮಾಡಿದ್ದರು. ಎರಡು ಲೋಹದ ಸಂದಿಯಲ್ಲಿ ನೀರು ನಿಂತು ಅಲ್ಯೂಮಿನಿಯಂ ಬಿಳಿ ಪುಡಿಯಾಗಿತ್ತು, ಕೆಳಗಿನ ತಗಡು ಜಾಲರಿ. ವಿಂಡ್‌ಶೀಲ್ಡ್ ಫ್ರೇಮಿನ ಕೆಳಮೂಲೆಗಳು, ಹಿಂದಿನ ವೀಲ್ ಆರ್ಚ್, ಟೇಲ್‌ಗೇಟಿನ ಅಂಚು ಜಿಪ್ಸಿಯಲ್ಲಿ ಮಾಮೂಲು. ಅಲ್ಲೆಲ್ಲ ಅಯಸ್ಕಾಂತ ಹಿಡಿದು ನೋಡಿದರೆ ಪುಟ್ಟಿ ತುಂಬಿದ ಕಡೆ ಅದು ಅಂಟುವುದಿಲ್ಲ.

ಖರ್ಚಿನ ಅಂದಾಜಿನಲ್ಲಿ ಸಾಮಾನಿನ ಬೆಲೆ ಸಣ್ಣದು, ಕೈಗೆಲಸದ ಗಂಟೆಗಳು ದೊಡ್ಡವು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಕೇಬಲ್, ಇಸಿಯು (ಎಂಜಿನ್ ಕಂಪ್ಯೂಟರ್) ಕನೆಕ್ಟರ್ ಬಿಚ್ಚಬೇಕು, ಪೆಟ್ರೋಲ್ ಟ್ಯಾಂಕ್ ಇಳಿಸಲೇಬೇಕು, ಬ್ರೇಕ್ ಪೈಪ್ ಸರಿಸಬೇಕು. ತುಕ್ಕು ಹಿಡಿದ ಬ್ರೇಕ್ ಪೈಪು ಬಿಚ್ಚುವಾಗ ಮುರಿಯುವುದು ಹೆಚ್ಚು, ಅದಕ್ಕೂ ದುಡ್ಡು ಎತ್ತಿಡಬೇಕು. ಬಾಡಿ ಬೋಲ್ಟ್ ತಿರುಗಿಸಿದರೆ ಒಳಗಿನ ನಟ್ಟೂ ಜೊತೆಗೇ ತಿರುಗುತ್ತದೆ. ಗ್ರೈಂಡರ್ ಹಿಡಿದ ಮೇಲೆ ತೂತು ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ. ಆದ್ದರಿಂದ ತಗಡು ಕೆಲಸದ ಟಿಂಕರ್ ಹೇಳಿದ ಮೊತ್ತಕ್ಕೆ ಅದರ ಅರ್ಧ ಸೇರಿಸಿಕೊಂಡು, ಆ ಮೊತ್ತವನ್ನು ನಿಮ್ಮೂರಲ್ಲಿ ಅದೇ ವರ್ಷದ ಗಟ್ಟಿ ಚಾಸಿಯ ಜಿಪ್ಸಿಗೆ ಎಷ್ಟು ಹೆಚ್ಚು ಸಿಗುತ್ತದೆ ಎಂಬುದರ ಜೊತೆ ಹೋಲಿಸಬೇಕು. ಪೇಂಟಿನ ಖರ್ಚು ಈ ಲೆಕ್ಕಕ್ಕೆ ತರಬೇಡಿ. ಮಾರುವ ಮುಂಚೆ ಹೊಸ ಪೇಂಟ್ ಹೊಡೆಸುವುದು ದಂಡ. ತಿಳಿದವರು ಹೊಸ ಪೇಂಟ್ ಕಂಡರೆ ಬೆಲೆ ಇಳಿಸುತ್ತಾರೆ.

ಕಾಗದಪತ್ರವೂ ತೂಕಕ್ಕೆ ಬರುತ್ತದೆ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕಾರಿಗೆ ಆ ಶುಲ್ಕ 5,000 ರೂಪಾಯಿ, 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ್ದಕ್ಕೆ 10,000. ಹಸಿರು ತೆರಿಗೆ ಬೇರೆ. ಈ ಗಾಡಿ ಅದೇ ಹೊಸ್ತಿಲಲ್ಲಿತ್ತು. ತೂತು ಬಿದ್ದ ಚಾಸಿ ಇಟ್ಟುಕೊಂಡು ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಹೋಗುವುದು ಅರ್ಥವಿಲ್ಲದ ಕೆಲಸ.

ಮಾರುವುದಾದರೆ ಎರಡು ದಾರಿ. ಸಾರ್ವಜನಿಕರಿಗೆ ಹೊಸ ಜಿಪ್ಸಿ ಮಾರಾಟ 2019ರಲ್ಲಿ ನಿಂತದ್ದರಿಂದ ಆಕ್ಸಲ್, ಟ್ರಾನ್ಸ್‌ಫರ್ ಕೇಸ್, ಎಂಜಿನ್‌ಗೆ ಗಿರಾಕಿ ಇದ್ದಾರೆ. ಹಾಗಾಗಿ ಗುಜರಿಯವನು ತೂಕದ ಲೆಕ್ಕದಲ್ಲಿ ಹೇಳುವ ಬೆಲೆಗೆ ಒಪ್ಪಬಾರದು. ಬಿಡಿಬಿಡಿಯಾಗಿ ಮಾರಿದರೆ ಆರ್‌ಸಿ ರದ್ದು ಮಾಡಿಸುವುದು ಕಡ್ಡಾಯ. ಇಡೀ ಗಾಡಿ ಕೊಟ್ಟರೆ ತೂತಿನ ಫೋಟೋ ತೋರಿಸಿಯೇ ಕೊಡಿ, ಫಾರಂ 29, 30ಕ್ಕೆ ಸಹಿ ಹಾಕಿದ ಮೇಲೆ ಹೆಸರು ಬದಲಾಗುವವರೆಗೆ ಹಿಂದೆ ಬೀಳಿ. ಆರ್‌ಸಿಯಲ್ಲಿ ನಿಮ್ಮ ಹೆಸರಿರುವಷ್ಟು ದಿನ ಅಪಘಾತವಾದರೆ ಕೇಸು ನಿಮ್ಮ ಮನೆಗೇ ಬರುತ್ತದೆ.

ಈ ಗಾಡಿಗೆ ಒಂದೇ ಜಾಗ, ಒಂದೇ ಮುಖ. ರಿಪೇರಿಗೆ ನಿಂತಿತು. ರೈಲು ಬಾಗದಂತೆ ಎರಡೂ ಬದಿ ಸ್ಟ್ಯಾಂಡ್ ಕೊಟ್ಟು, ತೆಳುವಾದ ಕಡೆಯಿಂದ 25 ಮಿ.ಮೀ. ಆಚೆ ಗಟ್ಟಿ ಉಕ್ಕಿನವರೆಗೆ ಕತ್ತರಿಸಿ, ರಟ್ಟಿನ ಅಚ್ಚು ತೆಗೆದು 3 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್. ಪ್ಲೇಟಿನ ತುದಿ ಚೌಕವಾಗಿ ಇರಬಾರದು, ಓರೆಯಾಗಿ ಇಳಿಯಬೇಕು. ರೈಲಿಗೆ ಅಡ್ಡಲಾಗಿ ನೇರ ವೆಲ್ಡ್ ಎಳೆದರೆ ಮುಂದೆ ಬಿರುಕು ಬಿಡುವುದು ಆ ಗೆರೆಯಲ್ಲೇ. ಫ್ಲೋರಿಗೆ 18 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ತಗಡು, 0.8 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್, ಒಂದೇ ಉಸಿರಿಗೆ ಎಳೆಯದೆ ಅಲ್ಲಲ್ಲಿ ಟ್ಯಾಕ್. ಇಲ್ಲದಿದ್ದರೆ ತಗಡು ಹಪ್ಪಳ. ಜಿಂಕ್ ಲೇಪಿತ ತಗಡು ಸಿಕ್ಕರೆ ವೆಲ್ಡ್ ಅಂಚಿನ ಲೇಪನ ಕೆರೆದು ತೆಗೆಯಿರಿ, ಅದರ ಹೊಗೆಗೆ ಜ್ವರ ಬರುತ್ತದೆ. ಆಮೇಲೆ ಎಪಾಕ್ಸಿ ಪ್ರೈಮರ್, ಸಂದಿಗಳಿಗೆ ಪಿಯು (ಪಾಲಿಯುರೆಥೇನ್) ಸೀಲರ್. ರೈಲಿನ ಒಳಗೆ ಉದ್ದ ನಳಿಕೆಯಿಂದ ತುಕ್ಕು ತಡೆಯುವ ಮೇಣ (ಕ್ಯಾವಿಟಿ ವ್ಯಾಕ್ಸ್) ಸಿಂಪಡಿಸಿ, ಅದು ಹರಿದು ಮುಚ್ಚಿದ ತೂತುಗಳನ್ನು ತಂತಿಯಿಂದ ಬಿಡಿಸಿದ್ದಾಯಿತು. ಟಾರ್ ಬೇಡವೆಂದೆವು.

ವೀಲ್ ಆರ್ಚ್ ಮತ್ತು ಟೇಲ್‌ಗೇಟ್ ಮುಟ್ಟಲಿಲ್ಲ. ಟೇಲ್‌ಗೇಟ್ ಹಳೆಯದು ಸಿಕ್ಕಾಗ ಬೋಲ್ಟ್ ಬಿಚ್ಚಿ ಬದಲಿಸಿದರಾಯಿತು. ಪೊಟ್ಯಾಷ್ ಮೂಟೆಗೆ ಹಿಂದೆ ಅಂಚಿರುವ ಪ್ಲಾಸ್ಟಿಕ್ ಟ್ರೇ ಕೂರಿಸಲಾಯಿತು. ಮೈಲುತುತ್ತಿನ ಡ್ರಮ್ಮು ಇನ್ನು ಟ್ರಾಕ್ಟರಿನ ಟ್ರೇಲರ್‌ನಲ್ಲಿ.