ಚೆಲುವರಾಯನ ಪಾದದ ಬಳಿಯ ಅಕ್ಕ

ಹನ್ನೊಂದನೇ ಮೆಟ್ಟಿಲಲ್ಲಿ ಮಗಳು ಕೂತೇಬಿಟ್ಟಳು. ಸುಸ್ತಾಗಿ ಅಲ್ಲ. ಕಲ್ಲಿನ ಸಂದಿಯಲ್ಲಿ ಐದಾರು ಇರುವೆಗಳು ಒಂದು ಕಡ್ಲೆಪುರಿಯನ್ನು ಎಳೆದುಕೊಂಡು ಹೋಗುತ್ತಿದ್ದವು. ಅದು ಮನೆ ಸೇರುವ ತನಕ ತಾನು ಏಳುವುದಿಲ್ಲ ಅಂದಳು. ಮೇಲೆ ಯೋಗಾನರಸಿಂಹಸ್ವಾಮಿ, ನಡುವೆ ಇನ್ನೂ ಮುನ್ನೂರು ಚಿಲ್ಲರೆ ಮೆಟ್ಟಿಲು. ವೈರಮುಡಿ ಮುಗಿದು ಮೂರು ವಾರವಾಗಿತ್ತು. ಎಂಟೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು.

ಕಾಲೇಜಿನ ದಿನಗಳಲ್ಲಿ ಮೇಲುಕೋಟೆಗೆ ಎಷ್ಟು ಸಲ ಬಂದಿದ್ದೇನೋ ಲೆಕ್ಕವಿಲ್ಲ. ಮೈಸೂರಿನಿಂದ ಬಸ್ಸು, ಜಕ್ಕನಹಳ್ಳಿಯಲ್ಲಿ ತಿರುಗಿದ ಮೇಲೆ ಬೆಟ್ಟದ ತುದಿಯ ಗೋಪುರ ಮೊದಲು ಯಾರಿಗೆ ಕಾಣುತ್ತದೆ ಅನ್ನುವ ಪಂದ್ಯ, ಸೋತವರದ್ದು ಪುಳಿಯೋಗರೆ ಖರ್ಚು. ಬೆಟ್ಟವನ್ನು ಓಡಿಕೊಂಡೇ ಹತ್ತುತ್ತಿದ್ದೆವು. ಅಕ್ಕತಂಗಿ ಕೊಳ, ರಾಯಗೋಪುರದ ಎತ್ತರದ ಕಂಬಗಳು, ಧನುಷ್ಕೋಟಿ, ಎಲ್ಲ ಒಂದೇ ದಿನಕ್ಕೆ ಮುಗಿಸಿ ಸಂಜೆ ಬಸ್ಸಿಗೆ ವಾಪಸ್. ಒಂದು ವರ್ಷ ವೈರಮುಡಿ ರಾತ್ರಿಯೂ ಇದ್ದೆ. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬಂದ ಕಿರೀಟ ಧರಿಸಿ ಚೆಲುವನಾರಾಯಣಸ್ವಾಮಿ ಗರುಡನ ಮೇಲೆ ಹೊರಟಾಗ ನನಗೆ ಕಂಡಿದ್ದು ಮುಂದೆ ನಿಂತವರ ತಲೆಗಳು, ಅವುಗಳ ಆಚೆ ಒಂದು ಹೊಳಪು. ಅಷ್ಟಕ್ಕೇ ಅತ್ತಿದ್ದೆ.

ಮದುವೆಯಾದ ಮೇಲೆ ಗೊತ್ತಾಯಿತು, ಇವರ ಮನೆದೇವರೂ ಅವನೇ ಅಂತ. ತಿರುನಾರಾಯಣ, ಚೆಲುವನಾರಾಯಣ ಅಂತೆಲ್ಲ ಅವರ ಕಡೆ ಹೇಳುವುದಿಲ್ಲ, ಚೆಲುವರಾಯ, ಅಷ್ಟೇ. ಪಾಂಡವಪುರದ ಸುತ್ತಮುತ್ತ ಯಾವ ಊರಿಗೆ ಹೋದರೂ ಒಬ್ಬ ಚೆಲುವೇಗೌಡ, ಒಬ್ಬಳು ಚೆಲುವಮ್ಮ ಸಿಗುತ್ತಾರೆ.

ಆರು ವರ್ಷ ನಮಗೆ ಮಕ್ಕಳಾಗಲಿಲ್ಲ. ಕಾರ್ತಿಕದಲ್ಲಿ ಇಲ್ಲಿ ಅಷ್ಟತೀರ್ಥೋತ್ಸವ, ತೊಟ್ಟಿಲಮಡು ಜಾತ್ರೆ. ಮಕ್ಕಳು ಬೇಕೆನ್ನುವ ಗಂಡಹೆಂಡಿರು ಬೆಟ್ಟದ ಸುತ್ತಿನ ತೀರ್ಥಗಳಲ್ಲಿ ಮಿಂದು ಬೇಡಿಕೊಳ್ಳುತ್ತಾರೆ. ಅತ್ತೆ ಪ್ರತಿ ವರ್ಷ ಕರೆಯುವರು, ನಾನು ಪ್ರತಿ ವರ್ಷ ರಜೆ ಇಲ್ಲ ಅನ್ನುವೆ. ರಜೆ ಇತ್ತು. ಒದ್ದೆ ಸೀರೆಯಲ್ಲಿ ಅಷ್ಟು ಜನರೆದುರು ನಡೆದರೆ ‘ಇವಳಿಗೆ ಮಕ್ಕಳಿಲ್ಲ’ ಅಂತ ಕೊರಳಿಗೆ ಬೋರ್ಡು ಹಾಕಿಕೊಂಡ ಹಾಗೆ ಅನ್ನಿಸುತ್ತಿತ್ತು. ಒಂದು ಕಾರ್ತಿಕದ ರಾತ್ರಿ ಅತ್ತೆಯ ಫೋನು ಬಂತು: “ನಿಮ್ಮಿಬ್ರ ಬದ್ಲು ನಾನೇ ಮುಳುಗ್ಬುಟ್ಟು ಬಂದೆ ಕಣವ್ವ.” ಅರವತ್ತಮೂರು ವರ್ಷ, ಎರಡೂ ಮಂಡಿ ನೋವು. ಅದರಿಂದಲೇ ಮಗು ಆಯಿತು ಅಂತ ನಾನು ಹೇಳುವುದಿಲ್ಲ, ಆಸ್ಪತ್ರೆಯ ಬಿಲ್ಲುಗಳೂ ಬೀರುವಿನಲ್ಲಿವೆ. ಅದರಿಂದಲ್ಲ ಅಂತಲೂ ಹೇಳಲಾರೆ. ಮಗಳಿಗೆ ಮೂರು ತುಂಬಿದ ಮೇಲೆ ಸ್ವಾಮಿಗೆ ತೋರಿಸಿಕೊಂಡು ಬರೋಣ ಅಂತ ನಾಲ್ವರೂ ಹೊರಟಿದ್ದೆವು. ಅತ್ತೆ ಮಾತ್ರ ಕಲ್ಯಾಣಿಯ ಮಂಟಪದ ನೆರಳಲ್ಲೇ ಉಳಿದರು. “ನೀವು ವೋಗ್ಬನ್ನಿ, ನಾ ಇಲ್ಲೇ ಕುಂತಿರ್ತೀನಿ.”

ಅರ್ಧ ಬೆಟ್ಟ ಹತ್ತಿದಾಗ ಅನಾಹುತವಾಯಿತು. ಬಾಳೆಹಣ್ಣಿನ ಚೀಲದ ಮೇಲೆ ಒಂದು ಗಡವ ಕೋತಿಗೆ ಕಣ್ಣು ಬಿತ್ತು. ಅದೇ ಚೀಲದಲ್ಲಿ ಮಗಳ ಬಟ್ಟೆಗೊಂಬೆಯೂ ಇತ್ತು. ಕೋತಿ ಬಂಡೆ ಏರಿ ಕೂತು ಹಣ್ಣು ಸುಲಿದು ತಿಂದಿತು. ಗೊಂಬೆಯನ್ನು ಮೂಸಿ ನೋಡಿ, ಉಪಯೋಗಕ್ಕಿಲ್ಲ ಅಂತ ಆಚೆ ಕಡೆಯ ಪ್ರಪಾತಕ್ಕೆ ಎಸೆಯಿತು. ಇವರು ಬಗ್ಗಿ ನೋಡಿ ತಲೆಯಾಡಿಸಿದರು. ಮಗಳ ಅಳು ಇಡೀ ಯದುಗಿರಿಗೆ ಕೇಳಿಸಿರಬೇಕು. ಹೊಸದು ಕೊಡಿಸ್ತೀನಿ ಅಂದೆ. “ಹೊಸದು ಬೇಡ, ಅದೇ ಬೇಕು.” ಉಳಿದ ಮೆಟ್ಟಿಲನ್ನು ಅವಳು ಅಪ್ಪನ ಹೆಗಲ ಮೇಲೆ ಬಿಕ್ಕುತ್ತಲೇ ಹತ್ತಿದಳು.

ಯೋಗಾನರಸಿಂಹನನ್ನು ಪ್ರಹ್ಲಾದನೇ ಪ್ರತಿಷ್ಠೆ ಮಾಡಿದ್ದು ಅಂತ ನಂಬಿಕೆ. ಮಂಗಳಾರತಿಯ ಬೆಳಕಲ್ಲಿ ಮೂಗು ಸುರಿಸಿಕೊಂಡೇ ನೋಡಿದಳು. ಮಂಡಿಗಳ ಸುತ್ತ ಬಿಗಿದ ಯೋಗಪಟ್ಟಿಯನ್ನು ಗುರುತಿಸಿ “ಸ್ವಾಮಿ ಬೆಲ್ಟ್ ಹಾಕ್ಕೊಂಡಿದೆ” ಅಂದಳು. ಅಲ್ಲಿ ಅಳು ನಿಂತಿತು.

ಕೆಳಗೆ ಬಂದಾಗ ಅತ್ತೆಗೆ ಎಲ್ಲ ವರದಿಯಾಯಿತು. ಅತ್ತೆ ಕೋತಿಯನ್ನು ಬೈಯಲಿಲ್ಲ. ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಕಥೆ ಶುರು ಮಾಡಿದರು. ನಾನು ಇಪ್ಪತ್ತು ಸಲವಾದರೂ ಕೇಳಿದ ಕಥೆ. ರಾಮಾನುಜಾಚಾರ್ಯರು ಈ ಬೆಟ್ಟಕ್ಕೆ ಬಂದರು. ಹುತ್ತದೊಳಗಿದ್ದ ಮೂಲಮೂರ್ತಿ ಸಿಕ್ಕಿತು, ಉತ್ಸವಮೂರ್ತಿ ಮಾತ್ರ ಇಲ್ಲ. ಅದು ದೆಹಲಿಯ ಸುಲ್ತಾನನ ಅರಮನೆಯಲ್ಲಿದೆ ಅಂತ ಕನಸಿನಲ್ಲಿ ತಿಳಿಯಿತು. ಅಷ್ಟು ದೂರ ಹೋಗಿ ನೋಡಿದರೆ ರಾಜಕುಮಾರಿ ಅದನ್ನು ಗೊಂಬೆ ಮಾಡಿಕೊಂಡು ಆಡುತ್ತಿದ್ದಾಳೆ. “ಆಚಾರ್ರು, ಬಾರಪ್ಪ ನನ್ ಕಂದ ಅಂದ್ರಂತೆ. ಗೆಜ್ಜೆ ಘಲ್ ಘಲ್ ಅನ್ಸ್ಕೊಂಡು ಬಂದು ತೊಡೆ ಮ್ಯಾಲೆ ಕುಂತ್ಕತಂತೆ.” ಅಂದಿನಿಂದ ಅವನು ಚೆಲುವಪಿಳ್ಳೆ, ಯತಿರಾಜರ, ಅಂದರೆ ರಾಮಾನುಜರ, ಮಗ ಸಂಪತ್ಕುಮಾರ. ಅವನನ್ನು ಇಲ್ಲಿಗೆ ತರಲು ನೆರವಾದ, ಊರು ಮುಟ್ಟಿಸಿಕೊಳ್ಳದ ಜನರನ್ನು ಆಚಾರ್ಯರು ತಿರುಕುಲದವರೆಂದು ಕರೆದು ಗುಡಿಯೊಳಗೆ ಬಿಡಿಸಿದರು ಎನ್ನುತ್ತಾರೆ. ಆದರೆ ವರ್ಷದ ಕೆಲವೇ ದಿನ. ಮಿಕ್ಕ ದಿನಗಳ ಬಾಗಿಲು ತೆರೆಯಲು ಎಷ್ಟು ನೂರು ವರ್ಷ ಹಿಡಿಯಿತು ಅನ್ನುವುದು ಅತ್ತೆಯ ಕಥೆಯಲ್ಲಿ ಬರುವುದಿಲ್ಲ.

ಮಗಳು ತನ್ನ ಕಾಲ್ಗೆಜ್ಜೆ ಒಮ್ಮೆ ಅಲ್ಲಾಡಿಸಿದಳು. ಆಮೇಲೆ ಕೇಳಿದಳು:

“ಅಜ್ಜಿ, ಆ ಅಕ್ಕ ಅತ್ತಳಾ?”

ನನಗೆ ಒಂದು ಕ್ಷಣ ಯಾವ ಅಕ್ಕ ಅಂತಲೇ ಹೊಳೆಯಲಿಲ್ಲ. ಇಷ್ಟು ವರ್ಷ ಈ ಕಥೆಯನ್ನು ನಾನು ಆಚಾರ್ಯರ ಪಕ್ಕ ನಿಂತೇ ಕೇಳಿದ್ದೆ. ಕರೆದರು, ಬಂದ, ನಮ್ಮೂರಿಗೆ ಬಂದ. ಗೊಂಬೆ ಎದ್ದು ಹೋದ ಮೇಲೆ ಖಾಲಿ ಕೈಯಲ್ಲಿ ಕೂತ ಹುಡುಗಿಯ ಕಡೆ ತಿರುಗಿಯೂ ನೋಡಿರಲಿಲ್ಲ.

“ಅತ್ಲು ಕಣವ್ವ,” ಅಂದರು ಅತ್ತೆ, ಇದನ್ನು ಯಾರಾದರೂ ಕೇಳಲಿ ಅಂತಲೇ ಕಾದಿದ್ದವರ ಹಾಗೆ. “ಅತ್ಕೊಂಡು ಅತ್ಕೊಂಡು ಹಿಂದೇನೆ ಬಂದ್ಬುಟ್ಲು. ಅದ್ಕೇ ಸ್ವಾಮಿ ಪಾದ್ದ ತಾವ ಮಡಿಕ್ಕೊಂಡವ್ನೆ.”

ಚೆಲುವನಾರಾಯಣನ ಗುಡಿಯಲ್ಲಿ ಅಂದು ಜನ ಕಡಿಮೆ. ಜಾತ್ರೆಗೆ ಮಗುವನ್ನು ಕರೆತರುವ ಧೈರ್ಯ ನನಗಿಲ್ಲ, ಬಿಡುವಿನ ದಿನದ ದೇವರೇ ಮಕ್ಕಳಿಗೆ ಸರಿ. ಕೈಮುಗಿದು ಸಾಲಾಗಿ ನಿಂತೆವು. ನಾವು ಮೂವರೂ ಮುಖ ನೋಡುತ್ತಿದ್ದರೆ ಮಗಳು ಅಪ್ಪನ ತೋಳಿನಿಂದ ಕೆಳಗಿಳಿದು ತಲೆ ವಾಲಿಸಿಕೊಂಡು ಹುಡುಕುತ್ತಿದ್ದಳು.

“ಅಕ್ಕ ಎಲ್ಲಿ?”

“ಯಾವ ಅಕ್ಕ ಪುಟ್ಟಮ್ಮ?” ಅಂದರು ಅರ್ಚಕರು.

“ಗೊಂಬೆ ಅಕ್ಕ.”

ನನಗೆ ನಾಚಿಕೆಯಾಗಿ ಏನೋ ವಿವರಿಸಲು ಹೋದೆ. ಅರ್ಚಕರಿಗೆ ಅಷ್ಟರಲ್ಲೇ ಅರ್ಥವಾಗಿತ್ತು. “ಓ, ನಾಚ್ಚಿಯಾರಾ?” ಅಂದು ಮಂಗಳಾರತಿ ತಟ್ಟೆಯನ್ನು ಕಿರೀಟದಿಂದ ಎದೆಗೆ, ಎದೆಯಿಂದ ಪಾದಕ್ಕೆ ಇಳಿಸಿ ಅಲ್ಲೇ ಹಿಡಿದರು. ತುಳಸಿ, ಕನಕಾಂಬರ, ಒಂದು ರಾಶಿ ಹೂವಿನ ನಡುವೆ ನನಗೇನೂ ಕಾಣಲಿಲ್ಲ. ಬೀಬಿ ನಾಚ್ಚಿಯಾರ್, ಸುಲ್ತಾನನ ಮಗಳು, ಅಯ್ಯಂಗಾರರ ಈ ಊರಿನಲ್ಲಿ ಅಷ್ಟು ಒಳಗೆ ಕೂತಿರುವವಳು. ಮಗಳಿಗೆ ಏನು ಕಂಡಿತೋ. “ಹ್ಞೂಂ, ಇದಾಳೆ” ಅಂದಳು. ತೃಪ್ತಿಯಾಯಿತು. ತೀರ್ಥಕ್ಕೆ ಕೈ ಒಡ್ಡಿದಳು.

ಪ್ರದಕ್ಷಿಣೆಯಲ್ಲಿ ರಾಮಾನುಜರ ಸನ್ನಿಧಿ. ಅವರು ಇಲ್ಲಿ ಹನ್ನೆರಡು ವರ್ಷ ಇದ್ದರು ಎನ್ನುತ್ತಾರೆ. ಶ್ರೀರಂಗಕ್ಕೆ ಹೊರಟು ನಿಂತಾಗ ಶಿಷ್ಯರು ಬಿಡಲೊಲ್ಲದೆ ಅತ್ತರಂತೆ, ಅವರಿಗಾಗಿ ತಮ್ಮ ಮೂರ್ತಿಯನ್ನೇ ಉಳಿಸಿ ಹೋದರಂತೆ. ‘ತಮರುಗಂದ ತಿರುಮೇನಿ’, ತನ್ನವರು ಪ್ರೀತಿಸಿದ ಮೈ. ಈ ಹೆಸರನ್ನು ಹಿಂದೆಯೂ ಕೇಳಿದ್ದೆ, ಪರೀಕ್ಷೆಗೆ ಉರುಹೊಡೆದ ಇಸವಿಯ ಹಾಗೆ. ಈ ಸಲ ಕಂಬಕ್ಕೊರಗಿ ಸ್ವಲ್ಪ ಹೊತ್ತು ನಿಂತೆ. ಒಬ್ಬಳ ಗೊಂಬೆಯನ್ನು ಕರೆದು ತಂದವರು ಹೋಗುವಾಗ ಅಳುವವರ ಕೈಗೆ ಇನ್ನೊಂದು ಮೂರ್ತಿ ಕೊಟ್ಟು ಹೋಗಿದ್ದರು. ಅತ್ತೆ ನನ್ನ ಪಕ್ಕಕ್ಕೆ ಬಂದು ನಿಂತರು. ತೊಟ್ಟಿಲಮಡುವಿನ ಮಾತನ್ನು ನಾವಿಬ್ಬರೂ ಆಡಲಿಲ್ಲ. ಅವರ ಸೆರಗಿನ ತುದಿ ನನ್ನ ಕೈಗೆ ತಾಗುತ್ತಿತ್ತು, ಹಿಡಿದುಕೊಂಡೆ.

ಆಮೇಲೆ ಪುಳಿಯೋಗರೆ. ಅದೇ ಎಣ್ಣೆಯ ಹೊಳಪು, ನಾಲಿಗೆಯ ಅಂಚಿಗೆ ತಾಗುವ ಅದೇ ಹುಣಸೆ. ಮಗಳು ಖಾರ ಅಂತ ಅನ್ನ ಮುಟ್ಟಲಿಲ್ಲ, ಕಡ್ಲೆಬೀಜ ಮಾತ್ರ ಒಂದೊಂದೇ ಆರಿಸಿ ತಿಂದಳು. ಕೊನೆಗೆ ಎರಡನ್ನು ಎತ್ತಿ ಎಲೆಯ ಮೂಲೆಯಲ್ಲಿಟ್ಟಳು.

“ಯಾರಿಗೆ? ಆ ಅಕ್ಕಂಗಾ?”

“ಅಲ್ಲ, ಕೋತಿಗೆ. ತಿಂದ್ಬಿಟ್ಟು ಗೊಂಬೆ ವಾಪಸ್ ಕೊಡತ್ತೆ.”