ಹಟ್ಟಿಯ ಗೆರೆಗೆ ಇನ್ನು ಒಂದೇ ಗೇಣು

ಮೂರು ವಾರ ಹೆಕ್-ರಾಸ್ ಅನ್ನುವ ನೆರೆ ಲೆಕ್ಕದ ಸಾಫ್ಟ್‌ವೇರ್ ಜೊತೆ ಗುದ್ದಾಡಿದ್ದು ಸಾರ್ಥಕ ಆಯ್ತು. ನಿನ್ನೆ ರಾತ್ರಿ ಮಾಡೆಲಿನ ನೆರೆ ನೀರು ನಮ್ಮ ಹಟ್ಟಿ ಗೋಡೆಯ ಕೆಸರಿನ ಗೆರೆಗಿಂತ ಒಂದು ಗೇಣು ಕೆಳಗೆ ಬಂದು ನಿಂತಿತು. 2019ರ ಆಗಸ್ಟಿನಲ್ಲಿ ಚಂದ್ರಗಿರಿ ಹೊಳೆ ಬಿಟ್ಟುಹೋದ ಗೆರೆ ಅದು. ಸುಣ್ಣ ಬಳಿಯುವಾಗ ಅಮ್ಮ ಅದೊಂದನ್ನು ಹಾಗೇ ಉಳಿಸುತ್ತಾರೆ.

ಮೆಶ್ (ಜಾಗವನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ಒಡೆದ ಬಲೆ), ಮ್ಯಾನಿಂಗ್ (ನೆಲದ ಒರಟುತನದ ಅಂಕಿ), ಮೇಲಿನ ತುದಿಯಿಂದ ಬರುವ ಹರಿವು ಎಲ್ಲ ಹಿಂದೆಯೇ ಮುಗಿದಿತ್ತು. ಅಡಿಕೆ ಮರದ ತಲೆಯನ್ನೇ ನೆಲ ಅಂತ ತೋರಿಸುತ್ತಿದ್ದ ಡೆಮ್ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಸರಿಮಾಡಿದ್ದನ್ನು ಕಳೆದ ಸಲ ಬರೆದಿದ್ದೆ. ಈ ಸಲ ಕಾಡಿದ್ದು ಕೆಳಗಿನ ತುದಿ, ಹೊಳೆ ಸಮುದ್ರ ಸೇರುವ ತಳಂಗರೆಯ ಅಳಿವೆ.

ನೀರು ಅಲ್ಲಿಂದ ಹೇಗೆ ಹೊರಗೆ ಹೋಗಬೇಕು ಅಂತ ಮಾಡೆಲಿಗೆ ಹೇಳಬೇಕು. ಮೊದಲು ನಾರ್ಮಲ್ ಡೆಪ್ತ್ ಅನ್ನುವ ಆಯ್ಕೆ ಕೊಟ್ಟೆ, ಇಳಿಜಾರು 0.001. ಒಂದೇ ಅಂಕಿ, ಸುಲಭ ಅಲ್ವಾ? ಆದರೆ ಹಾಗೆ ಕೊಟ್ಟರೆ ನೀರು ಆ ಇಳಿಜಾರಿನಲ್ಲಿ ಆರಾಮಾಗಿ ಹೊರಗೆ ಹೋಗುತ್ತದೆ. ಮುಂದೆ ಸಮುದ್ರ ಇದೆ, ಉಬ್ಬರದ ಹೊತ್ತಿಗೆ ಅದು ಹೊಳೆಯನ್ನು ಹಿಂದಕ್ಕೆ ಒತ್ತುತ್ತದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಅಂಗಳ ಒದ್ದೆಯೇ ಆಗಲಿಲ್ಲ.

ಹಾಗಾಗಿ ಸ್ಟೇಜ್ ಹೈಡ್ರೋಗ್ರಾಫ್, ಅಂದರೆ ಯಾವ ಹೊತ್ತಿಗೆ ನೀರಿನ ಮಟ್ಟ ಎಷ್ಟು ಅನ್ನುವ ಪಟ್ಟಿ ಹಾಕಿದೆ. ಉಬ್ಬರ-ಇಳಿತದ ಪಟ್ಟಿ ನೋಡಿ ಗಂಟೆ ಗಂಟೆಯ ಮಟ್ಟ ತುಂಬಿಸಿದೆ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಈಗ ಮನೆಯ ಜಗಲಿಯೇ ಮುಳುಗಿತು! ಮ್ಯಾನಿಂಗ್ ಬದಲಿಸಿದೆ, ಸೆಲ್ ಸಣ್ಣ ಮಾಡಿದೆ, ಟೈಮ್ ಸ್ಟೆಪ್ ಇಳಿಸಿದೆ. ಜಪ್ಪಯ್ಯ ಅಂದರೂ ನೀರು ಇಳಿಯಲಿಲ್ಲ.

ದಾರಿ ತೋರಿಸಿದ್ದು ಮಾವ. "ಮಳೆಗಾಲದ್ದು ಬಿಡು ಮಾರಾಯ, ಮಾರ್ಚ್ ತಿಂಗಳಿನ ನೀರು ಹಾಕಿ ನೋಡು" ಅಂದರು. ಹಾಕಿದೆ. ಮೇಲಿಂದ ಹರಿವು ಇಲ್ಲವೆನ್ನುವಷ್ಟು ಕಮ್ಮಿ, ಆದರೂ ಉಬ್ಬರಕ್ಕೆ ತೋಟದ ಕಣಿಗಳು ತುಂಬಿ ಚೆಲ್ಲಿದವು. ಮಾರ್ಚಿನಲ್ಲಿ ನಮ್ಮ ತೋಟಕ್ಕೆ ಉಪ್ಪುನೀರು ಹತ್ತಿದ್ದನ್ನು ಯಾರೂ ಕಂಡಿಲ್ಲ. ಅಲ್ಲಿಗೆ ಗೊತ್ತಾಯಿತು, ತಪ್ಪು ಇದ್ದದ್ದು ಸೊನ್ನೆಯಲ್ಲಿ. ಪಟ್ಟಿಯ ಸೊನ್ನೆ ಅಂದರೆ ಚಾರ್ಟ್ ಡೇಟಮ್, ಹಡಗಿನವರು ಹಿಡಿಯುವ ತೀರಾ ಕೆಳಗಿನ ಇಳಿತದ ಮಟ್ಟ. ಡೆಮ್‌ನ ಸೊನ್ನೆ ಸಮುದ್ರದ ಸರಾಸರಿ ಮಟ್ಟದ ಆಸುಪಾಸು. ನಮ್ಮ ಕರಾವಳಿಯಲ್ಲಿ ಇವೆರಡರ ನಡುವೆ ಸುಮಾರು ಒಂದು ಮೀಟರ್ ಅಂತರ. ಅಷ್ಟು ದಿನ ಅರಬ್ಬೀ ಸಮುದ್ರ ಒಂದು ಮೀಟರ್ ಮೇಲೆ ಕೂತಿತ್ತು!

ಅಷ್ಟನ್ನು ಕಳೆದೆ. ಅಂಚಿನ ಗೆರೆಯನ್ನು ಅಳಿವೆ ಬಾಯಿಂದ ಕಡಲಿನೊಳಗೆ ಸರಿಸಿದೆ. ಒಣ ಮೆಶ್‌ಗೆ ಮೊದಲ ನಿಮಿಷದಲ್ಲೇ ಸಮುದ್ರ ನುಗ್ಗುತ್ತಿತ್ತು, ಅದಕ್ಕೆ ಮೊದಲೇ ಅದೇ ಮಟ್ಟಕ್ಕೆ ನೀರು ತುಂಬಿಸಿಟ್ಟೆ. ಉಳಿದ ಒಂದು ಗೇಣಿಗೆ ಅಳಿವೆಯ ಮರಳು ದಿಬ್ಬದ ಮೇಲೆ ನನಗೆ ಗುಮಾನಿ.

ಅಲ್ಲೇ ಅಳೆಯೋಣ ಅಂತ ಮಟ್ಟದ ಸೆನ್ಸರ್ ತರಿಸಿದ್ದೆ. ವಾಟರ್‌ಪ್ರೂಫ್ ಅಂತ ಮಾರಿದ್ದು, ಎರಡನೇ ದಿನವೇ ಒಳಗೆ ನೀರು. ವಾಪಸ್ ತಗೊಳ್ಳಲ್ಲ ಅಂತಾನೆ ಮಾರಿದವನು. ನೀರಿಗೆ ಇಡುವ ವಸ್ತುವನ್ನು ಹೀಗೆ ಮಾರುವುದು ಮೋಸವೇ. ಸದ್ಯಕ್ಕೆ ಬಿದಿರು ಕೋಲಿಗೆ ಪೈಂಟಿನ ಗೆರೆ ಹಾಕಿ ನೆಟ್ಟಿದ್ದೇನೆ.

ಮುಂದಿನದು ಮಧೂರು. ಜೋರು ಮಳೆಗೆ ಮಧುವಾಹಿನಿ ದೇವಸ್ಥಾನದ ಅಂಗಳಕ್ಕೇ ಬರುತ್ತದಲ್ಲ, ಅದನ್ನು ಮಾಡಬೇಕು. ಹರಿವಿನ ಲೆಕ್ಕ ನನ್ನ ಹತ್ತಿರ ಇಲ್ಲ, ಮಳೆಯನ್ನೇ ಮೆಶ್ ಮೇಲೆ ಸುರಿಸುತ್ತೇನೆ. ಆದರೆ ಹೊರಹೋಗುವ ಗೆರೆ ಎಳೆಯದ ಮೆಶ್ ಅಂಚು ಗೋಡೆಯಂತೆ ನಿಲ್ಲುತ್ತದೆ, ನೀರು ಮೂಲೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಎಲ್ಲೆಲ್ಲಿ ದಾರಿ ಬಿಡಬೇಕು ಅಂತ ಭಾನುವಾರ ಮಾವನ ಜೊತೆ ತೋಡಿನ ಬದಿಯಲ್ಲೇ ನಡೆದು ನೋಡಿ ಬರುತ್ತೇನೆ.