ಫೀಸಿನ ತಿಂಗಳು, ಫಸಲಿನ ತಿಂಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ಸೀಮೆಯಲ್ಲಿ ಮನೆಗೆ ದುಡ್ಡು ಬರುವುದು ನವೆಂಬರಿನಿಂದ ಮಾರ್ಚಿಯವರೆಗೆ. ಮೊದಲು ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ, ಜೊತೆಯಲ್ಲೇ ಕಾಳುಮೆಣಸು. ಕಾಲೇಜಿನ ಶುಲ್ಕ ಕಟ್ಟಬೇಕಾದದ್ದಾದರೋ ಮಳೆ ಹಿಡಿದುಕೊಂಡ ಜುಲೈನಿಂದ ಸೆಪ್ಟೆಂಬರಿನ ನಡುವೆ, ಗೊಬ್ಬರ, ಗಿಡಗಳಿಗೆ ರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣ, ಆಳುಗಳ ಬಟವಾಡೆ ಎಂದು ಹಣ ಹೊರಗೆ ಹೋಗುತ್ತಲೇ ಇರುವ ತಿಂಗಳುಗಳಲ್ಲಿ. ವಿದ್ಯಾರ್ಥಿವೇತನವು ಈ ಎರಡಕ್ಕೂ ಹೊಂದದ ಮೂರನೆಯ ಪಂಚಾಂಗವೊಂದನ್ನು ಅನುಸರಿಸುತ್ತದೆ. ಅರ್ಜಿ ಕರೆಯುವುದೇ ತರಗತಿಗಳು ಆರಂಭವಾದ ಮೇಲೆ, ಹಣ ಖಾತೆಗೆ ಬೀಳುವುದು ಎಷ್ಟೋ ಬಾರಿ ಶೈಕ್ಷಣಿಕ ವರ್ಷದ ಕೊನೆಯಲ್ಲಿ. ಹಾಸನ ತಾಲ್ಲೂಕಿನ ಆಲೂಗಡ್ಡೆ ಬೆಳೆಗಾರರಿಗೆ ಆಗಸ್ಟ್ ಹೊತ್ತಿಗೆ ಒಂದಿಷ್ಟು ಕೈಯಾಡುತ್ತದೆ ಎನ್ನಬಹುದು, ಅದೂ ಅಂಗಮಾರಿ ರೋಗ ಬೆಳೆಯನ್ನು ಬಿಟ್ಟರೆ.

ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುವ ನನ್ನ ಬಳಿಗೆ ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ತಂದೆತಾಯಿಗಳು ಬರುತ್ತಾರೆ. "ಮೇಷ್ಟ್ರೇ, ಸ್ಕಾಲರ್‌ಶಿಪ್ ಬರುತ್ತಲ್ಲ, ಫೀಸಿಗೆ ಅದೇ ಆಗುತ್ತೆ ಬಿಡಿ" ಎಂಬ ಮಾತನ್ನು ಅವರಲ್ಲಿ ಹೆಚ್ಚಿನವರು ಆಡುತ್ತಾರೆ. ಸ್ಕಾಲರ್‌ಶಿಪ್ ಬರುವುದು ನಿಜ, ಆದರೆ ಅದು ಫೀಸು ಕಟ್ಟುವ ದಿನಕ್ಕೆ ಬರುವುದಿಲ್ಲ. ಆದ್ದರಿಂದ ನೆರವು ಎಲ್ಲಿ ಸಿಗುತ್ತದೆ ಎಂಬುದರಷ್ಟೇ, ಅದು ಬರುವತನಕ ಕೈಯಿಂದ ಹಾಕುವ ಹಣ ಎಲ್ಲಿಂದ ಎಂಬುದನ್ನೂ ಮನೆಯಲ್ಲಿ ಕುಳಿತು ಮಾತನಾಡಿಕೊಳ್ಳಬೇಕಾಗುತ್ತದೆ.

ಕಾಗದಪತ್ರಗಳ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅರ್ಹತೆಯಿದ್ದೂ ಹಣ ತಪ್ಪಿದ ಪ್ರಕರಣಗಳಲ್ಲಿ ನಾನು ಕಂಡ ಬಹುಪಾಲು ಇಲ್ಲೇ ಮುಗ್ಗರಿಸಿವೆ. ನಾಡಕಚೇರಿಯಿಂದ ಪಡೆಯುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯೊಂದಿರುತ್ತದೆ. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅರ್ಜಿಯೂ ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್ಲೂ ಈ ಸಂಖ್ಯೆಯ ಮೂಲಕವೇ ನಮ್ಮನ್ನು ಗುರುತಿಸುತ್ತವೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅವಧಿಯಿದ್ದು, ಹೈಸ್ಕೂಲು ಸೇರುವಾಗ ಮಾಡಿಸಿದ್ದು ಪಿಯುಸಿ ಮುಗಿಯುವ ಹೊತ್ತಿಗೆ ಅವಧಿ ಮೀರಿರುವ ಸಾಧ್ಯತೆ ಹೆಚ್ಚು. ಸಿಇಟಿ ಅರ್ಜಿ ವರ್ಷದ ಆರಂಭದಲ್ಲೇ ತುಂಬಬೇಕಾಗುವುದರಿಂದ, ಫಲಿತಾಂಶ ಬಂದ ಮೇಲೆ ನಾಡಕಚೇರಿಗೆ ಹೋದರಾಯಿತು ಎಂದುಕೊಂಡವರ ಮಕ್ಕಳು ಮೀಸಲಾತಿಯ ಸೀಟನ್ನು ಕಳೆದುಕೊಂಡು ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕಾಗುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ, ಗ್ರಾಮೀಣ ಪ್ರದೇಶದಲ್ಲಿ ಓದಿದ್ದಕ್ಕೆ ಶಾಲೆಗಳಿಂದ ತರಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಕಡಿಮೆ ಶುಲ್ಕದ ಸರ್ಕಾರಿ ಸೀಟು ಸಿಗುವುದು ಯಾವ ವಿದ್ಯಾರ್ಥಿವೇತನಕ್ಕಿಂತಲೂ ದೊಡ್ಡ ಉಳಿತಾಯ ಎಂಬುದನ್ನು ಮರೆಯಬಾರದು.

ಎರಡನೆಯ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದಿರುತ್ತದೆ, ಆಧಾರ್‌ನಲ್ಲಿ ಹಿಂದಿರುತ್ತದೆ ಅಥವಾ ಊರು, ತಂದೆಯ ಹೆಸರುಗಳಾಗಿ ಬಿಡಿಸಿಕೊಂಡಿರುತ್ತದೆ. ತಂತ್ರಾಂಶಕ್ಕೆ ಇವರಿಬ್ಬರೂ ಒಬ್ಬರೇ ಎಂದು ತಿಳಿಯುವುದಿಲ್ಲ. ಮೂರನೆಯದು ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು, ಬ್ಯಾಂಕುಗಳ ನಡುವಿನ ಪಾವತಿಯನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ವ್ಯವಸ್ಥೆಯಲ್ಲಿ ಆ ಖಾತೆಗೇ ಆಧಾರ್ ಜೋಡಣೆಯಾಗಿರಬೇಕು. ಸರ್ಕಾರದ ಹಣ ಖಾತೆ ಸಂಖ್ಯೆಯನ್ನು ನೋಡಿಕೊಂಡು ಬರುವುದಿಲ್ಲ, ಆಧಾರ್ ಯಾವ ಬ್ಯಾಂಕಿಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಯಾವುದೋ ಆ್ಯಪ್‌ನಲ್ಲಿ ಹೊಸ ಖಾತೆ ತೆರೆದು ಮರೆತ ಹುಡುಗರು ಹಣ ಬಂದಿಲ್ಲವೆಂದು ಹಳೆಯ ಪಾಸ್‌ಬುಕ್ ಹಿಡಿದು ಅಲೆಯುವುದನ್ನು ನೋಡುತ್ತಲೇ ಇದ್ದೇನೆ.

ಇನ್ನು ಯೋಜನೆಗಳು. ಎಲ್ಲವನ್ನೂ ಇಲ್ಲಿ ವಿವರಿಸುವುದಿಲ್ಲ. ನಮ್ಮ ಭಾಗದ ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬರುವಂಥವನ್ನು ಮಾತ್ರ ಹೇಳುತ್ತೇನೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನೆರವಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದ್ದು, ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿಯ ಜೊತೆಗೆ, ಹಾಸ್ಟೆಲ್ ಸಿಗದೆ ಹೊರಗೆ ಉಳಿದವರಿಗಾಗಿ ವಿದ್ಯಾಸಿರಿ ಎಂಬ ಯೋಜನೆಯಿದೆ. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಎಂದು ಆರಂಭವಾದದ್ದು ಅದು. ಆದರೆ ಬೇಲೂರಿನಿಂದಲೋ ಮೂಡಿಗೆರೆಯಿಂದಲೋ ಹಾಸನಕ್ಕೆ, ಚಿಕ್ಕಮಗಳೂರಿಗೆ ಓದಲು ಹೋಗುವ ಮಗುವಿಗೆ ಇಲಾಖೆಯ ಹಾಸ್ಟೆಲ್ ಸೀಟು ಸಿಕ್ಕಿತೆಂದರೆ ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯ ನೆರವು. ಊಟವೂ ವಸತಿಯೂ ಮೊದಲ ದಿನದಿಂದಲೇ ದೊರೆಯುತ್ತವೆ, ಖಾತೆಗೆ ಹಣ ಬಂತೇ ಎಂದು ಕಾಯುವ ಪ್ರಮೇಯವಿಲ್ಲ. ಹಾಸ್ಟೆಲ್ ಎಂದರೆ ಮೂಗು ಮುರಿಯುವ ಪೋಷಕರಿದ್ದಾರೆ. ಅವರು ಬೆಂಗಳೂರಿನ ಪಿ.ಜಿ.ಯೊಂದರ ಒಂದು ವರ್ಷದ ಬಾಡಿಗೆಯನ್ನು ಕೂಡಿ ನೋಡಲಿ.

ರೈತರ ಮಕ್ಕಳಿಗಾಗಿ 2021ರಲ್ಲಿ ರೈತ ವಿದ್ಯಾನಿಧಿ ಆರಂಭವಾದಾಗ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದೂ, ಎಂಜಿನಿಯರಿಂಗ್ ಮತ್ತು ವೈದ್ಯಕೀಯಕ್ಕೆ 10,000 ಮತ್ತು 11,000 ಎಂದೂ ನಿಗದಿಯಾಗಿತ್ತು. ಇದಕ್ಕೆ ತಂದೆ ಅಥವಾ ತಾಯಿಯ ಎಫ್‌ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ ಬೇಕು, ಎಫ್‌ಐಡಿಗೆ ಅವರ ಹೆಸರಿನಲ್ಲಿ ಪಹಣಿ ಬೇಕು. ಮಲೆನಾಡಿನ ಅದೆಷ್ಟು ಮನೆಗಳಲ್ಲಿ ತೋಟ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆಯೋ! ಅಣ್ಣತಮ್ಮಂದಿರ ನಡುವೆ ಹಿಸ್ಸೆ ತೀರ್ಮಾನವಾಗದೆ, ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವ ಪೌತಿ ಖಾತೆಯಾಗದೆ, ದಿನವೂ ತೋಟದಲ್ಲಿ ದುಡಿಯುವ ಅಪ್ಪ ದಾಖಲೆಯ ಪ್ರಕಾರ ರೈತನೇ ಅಲ್ಲ ಎಂದಾಗುತ್ತದೆ. ಸರ್ಕಾರಗಳು ಬದಲಾದಂತೆ ಇಂಥ ಯೋಜನೆಗಳ ಪಾಡೂ ಬದಲಾಗುವುದರಿಂದ, ಆಯಾ ವರ್ಷದ ಸುತ್ತೋಲೆಯನ್ನು ಓದದೆ ಈ ಹಣವನ್ನು ಲೆಕ್ಕಕ್ಕೆ ಹಿಡಿಯಬಾರದು. ತೋಟದ ಕಾರ್ಮಿಕರ ಮಕ್ಕಳಿಗೆ ಕಾಫಿ ಮಂಡಳಿ ಶೈಕ್ಷಣಿಕ ಪ್ರೋತ್ಸಾಹಧನ ನೀಡುತ್ತ ಬಂದಿದೆ. ತೋಟದ ಲೈನ್ ಮನೆಗಳಲ್ಲಿರುವ ಆ ಕಾರ್ಮಿಕರಿಗೆ ಇದರ ಸುದ್ದಿ ತಲುಪುವುದೇ ಅಪರೂಪ. ತಿಳಿದ ಮಾಲೀಕರು ತಾವೇ ಅರ್ಜಿ ತರಿಸಿಕೊಟ್ಟರೆ ಒಳ್ಳೆಯದು.

ಯಾವ ಜಾತಿಯವರೂ ಅರ್ಜಿ ಹಾಕಬಹುದಾದ ನೆರವುಗಳೂ ಉಂಟು. ಪಿಯುಸಿಯಲ್ಲಿ ಮೇಲಿನ ಶೇಕಡಾ 20ರೊಳಗೆ ಬಂದು, ಕುಟುಂಬದ ಆದಾಯ 4.5 ಲಕ್ಷ ಮೀರದಿದ್ದರೆ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಆಯ್ಕೆಯಾದವರಿಗೆ ಪದವಿಯ ಮೂರು ವರ್ಷ ತಲಾ 12,000 ರೂಪಾಯಿ. ತಾಂತ್ರಿಕ ಶಿಕ್ಷಣಕ್ಕೆ ಸೇರುವ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ಕೊಡುತ್ತದೆ, ಆದಾಯದ ಮಿತಿ 8 ಲಕ್ಷ, ಒಂದು ಕುಟುಂಬದಿಂದ ಇಬ್ಬರಿಗೆ ಅವಕಾಶ. ಹತ್ತು ಮತ್ತು ಹನ್ನೆರಡನೆಯ ತರಗತಿಗಳನ್ನು ಸರ್ಕಾರಿ ಸಂಸ್ಥೆಗಳಲ್ಲಿ ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಾರ್ಷಿಕ 30,000 ರೂಪಾಯಿಯ ನೆರವಿದೆ. ನಮ್ಮ ಹೋಬಳಿಗಳ ಸರ್ಕಾರಿ ಕಾಲೇಜಿನ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದಂತಿರುವ ಈ ಮೊತ್ತದಲ್ಲಿ ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿನ ಶುಲ್ಕ, ಬಸ್ ಪಾಸು, ಪುಸ್ತಕಗಳೆಲ್ಲ ಕಳೆದು ಮಿಗುತ್ತದೆ.

ಇಷ್ಟಾದರೂ ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿಗಳಿಗೆ ಹೋಗುವವರಲ್ಲಿ ಅನೇಕರಿಗೆ ಸಾಲ ಬೇಕೇ ಬೇಕಾಗುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಂತೆ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವಂತಿಲ್ಲ, ಮರುಪಾವತಿ ಆರಂಭವಾಗುವುದು ಕೋರ್ಸ್ ಮುಗಿದು ಒಂದು ವರ್ಷವಾದ ಮೇಲೆ. ಅಲ್ಲಿಯವರೆಗೆ ಬಡ್ಡಿಯೂ ನಿಂತಿರುತ್ತದೆ ಎಂದು ಅನೇಕರು ತಿಳಿದಿದ್ದಾರೆ, ಅದು ನಿಲ್ಲುವುದಿಲ್ಲ. ಪ್ರತಿ ವರ್ಷದ ಆರಂಭದಲ್ಲಿ ಒಂದು ಲಕ್ಷದಂತೆ ನಾಲ್ಕು ವರ್ಷ ಪಡೆದರೆ, ಶೇಕಡಾ 10ರ ಸರಳ ಬಡ್ಡಿಯಲ್ಲಿ ಕೋರ್ಸ್ ಮುಗಿಯುವಾಗ ಬಡ್ಡಿಯೇ ಒಂದು ಲಕ್ಷವಾಗಿರುತ್ತದೆ, ಮುಂದಿನ ಒಂದು ವರ್ಷಕ್ಕೆ ಇನ್ನೂ 40,000 ಸೇರುತ್ತದೆ. ಅಂದರೆ ಮೊದಲ ಕಂತು ಕಟ್ಟುವ ದಿನ ಸಾಲ 5.4 ಲಕ್ಷ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಓದುತ್ತಿರುವವರಿಗೆ ಈ ಅವಧಿಯ ಬಡ್ಡಿಯನ್ನು ಭರಿಸುವ ಕೇಂದ್ರದ ಸಹಾಯಧನ ಯೋಜನೆಯಿದೆ. ಕಾಲೇಜು ಅದರ ವ್ಯಾಪ್ತಿಗೆ ಸೇರಿದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ, ಸಾಲದ ಅರ್ಜಿಯ ಜೊತೆಯಲ್ಲೇ ಆದಾಯ ಪ್ರಮಾಣಪತ್ರ ಕೊಟ್ಟು ಕೇಳಬೇಕು. ಕೇಂದ್ರ ಸಂಪುಟ 2024ರ ನವೆಂಬರ್ 6ರಂದು ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನವೂ ಜಾಮೀನೂ ಇಲ್ಲದ ಸಾಲ ಸಿಗುತ್ತದೆ, 8 ಲಕ್ಷದವರೆಗೆ ಆದಾಯವಿರುವವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ರಿಯಾಯಿತಿಯೂ ಉಂಟು. ಆದರೆ ಅದು ಪಟ್ಟಿಯಲ್ಲಿರುವ ಉನ್ನತ ಶ್ರೇಣಿಯ ಸಂಸ್ಥೆಗಳಿಗೆ ಮಾತ್ರ, ಯೋಜನೆ ಒಪ್ಪಿಗೆಯಾದಾಗ ಅವು 860.

ಸಾಲ ಮಂಜೂರಾಗುವುದಕ್ಕೂ ವಾರಗಳು ಹಿಡಿಯುತ್ತವೆ, ಸಿಇಟಿ ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ಕೊಡುವುದು ಕೆಲವೇ ದಿನ. ಈ ನಡುವಿನ ಹಣಕ್ಕಾಗಿ ನಮ್ಮಲ್ಲಿ ಹಲವರು ಕಾಫಿ ವ್ಯಾಪಾರಿಯಿಂದ ಮುಂಗಡ ಪಡೆಯುತ್ತಾರೆ. ಕೇಳಿದ ಕೂಡಲೇ ಸಿಗುವ ಈ ಹಣದ ಬೆಲೆ ಗೊತ್ತಾಗುವುದು ಕೊಯ್ಲಿನಲ್ಲಿ, ಫಸಲನ್ನು ಆ ವ್ಯಾಪಾರಿಗೇ, ಅವರು ಹೇಳಿದ ದರಕ್ಕೇ ಕೊಡಬೇಕಾಗಿ ಬಂದಾಗ. ಮನೆಯಲ್ಲಿ ಒಡವೆಯಿದ್ದರೆ ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ಚಿನ್ನದ ಮೇಲೆ ಸಾಲ ಪಡೆದು, ಫಸಲು ಮಾರಿದಾಗ ಬಿಡಿಸಿಕೊಳ್ಳುವುದು ಎಷ್ಟೋ ಮೇಲು ಎಂದು ನಾನು ಹೇಳುತ್ತೇನೆ. ಅಡವಿಡುವುದು ಅವಮಾನ ಎನ್ನುವ ಹಿರಿಯರಿಗೆ ಬಡ್ಡಿಯ ದರಗಳನ್ನು ಬರೆದು ತೋರಿಸಿದ್ದೂ ಉಂಟು. ಡೇರಿಗೆ ಹಾಲು ಹಾಕುವ ಮನೆಗಳವರು ಆ ಬಟವಾಡೆಯ ಒಂದು ಭಾಗವನ್ನು ಮಗುವಿನ ತಿಂಗಳ ಖರ್ಚಿಗೆಂದೇ ಬೇರೆ ಇಟ್ಟುಬಿಟ್ಟರೆ ಶುಲ್ಕದ ಹಣಕ್ಕೆ ಕೈ ಹಾಕುವ ಸಂದರ್ಭ ಬರುವುದಿಲ್ಲ.

ವಿದ್ಯಾರ್ಥಿವೇತನಗಳಲ್ಲಿ ಹೆಚ್ಚಿನವನ್ನು ಪ್ರತಿ ವರ್ಷ ನವೀಕರಿಸಬೇಕು. ಕೇಂದ್ರ ವಲಯದ ವಿದ್ಯಾರ್ಥಿವೇತನ ಮುಂದುವರಿಯಲು ವಾರ್ಷಿಕ ಪರೀಕ್ಷೆಯಲ್ಲಿ ಕನಿಷ್ಠ ಶೇಕಡಾ 50 ಅಂಕ ಮತ್ತು ಶೇಕಡಾ 75 ಹಾಜರಾತಿ ಬೇಕಾಗುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಆಳು ಸಿಗದೆ ಮಕ್ಕಳನ್ನು ಕಾಲೇಜು ಬಿಡಿಸಿ ಕಣಕ್ಕೆ ಕರೆದುಕೊಳ್ಳುವ ಮನೆಗಳವರು ಈ ಎರಡನೆಯ ಅಂಕಿಯನ್ನು ಗಮನಿಸಬೇಕು, ಏಕೆಂದರೆ ಹಾಜರಾತಿ ಕಡಿಮೆಯಾಗಿ ನವೀಕರಣ ತಪ್ಪಿದರೆ ಆ ವರ್ಷದ 12,000 ರೂಪಾಯಿ ಹೋದಂತೆಯೇ.